ಎಂಜಿನ್ನಿಗೂ ಸೈಕಲ್ ಫ್ರೇಮಿಗೂ ನಡುವೆ ರಬ್ಬರ್ ಇಡಬೇಕೆ?

ಪ್ರಶ್ನೆ: ಅಣ್ಣಾರ, ನಮಸ್ಕಾರ್ರೀ. ನಮ್ಮಪ್ಪ ಓಡಿಸ್ತಿದ್ದ 22 ಇಂಚು ಫ್ರೇಮಿನ ಸೈಕಲ್ಲಿಗೆ 66 ಸಿಸಿ ಟೂ ಸ್ಟ್ರೋಕ್ ಎಂಜಿನ್ ಕಿಟ್ ಕೂಡಿಸೀನಿ. ಎಕ್ಸಲೇಟರ್ ಕೊಟ್ರ ಕೈ ಜುಮ್ ಅಂತಾವ. ಎರಡು ದಿನಕ್ಕೊಮ್ಮೆ ನಟ್ಟು ಲೂಜ್ ಆಗ್ತಾವ. ಲಾರಿ ಟ್ಯೂಬ್ ಕತ್ತರಿಸಿ ಎಂಜಿನ್ನಿಗೂ ಪೈಪಿಗೂ ನಡುವೆ ಇಟ್ರ ಸರಿ ಹೋಗ್ತದ ಅಂತಾರ. ಇಡ್ಲೇನ್ರೀ?
– ಸಿಂಧನೂರು ತಾಲ್ಲೂಕಿನ ಓದುಗ

ಉತ್ತರ: ಇಡಬೇಡಿ. ಈಗಾಗಲೇ ಇಟ್ಟಿದ್ದರೆ ಇವತ್ತೇ ತೆಗೆಯಿರಿ.

ಸೈಕಲ್ಲಿಗೆ ಎಂಜಿನ್ ಕೂಡಿಸುವ ಹುಡುಗರು ಗಂಗಾವತಿಯವರಿರಲಿ, ಮಾನ್ವಿಯವರಿರಲಿ, ಸಿರುಗುಪ್ಪದವರಿರಲಿ, ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಕಾರಿನ ಎಂಜಿನ್ ರಬ್ಬರ್ ಮೌಂಟಿನ ಮೇಲೆಯೇ ಕೂತಿರುವುದನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿ ನಡೆಯುವುದು ಇಲ್ಲೇಕೆ ನಡೆಯುವುದಿಲ್ಲ ಎಂಬುದು ತಿಳಿದರೆ ಉಳಿದದ್ದೆಲ್ಲ ತಾನಾಗಿಯೇ ತಿಳಿಯುತ್ತದೆ.

ಕಾರಿನಲ್ಲಿ ಗೇರ್‌ಬಾಕ್ಸು ಎಂಜಿನ್ನಿಗೇ ಬೋಲ್ಟಾಗಿರುತ್ತದೆ. ಎರಡೂ ಒಟ್ಟಿಗೆ ಅಲುಗುತ್ತವೆ. ಅಲ್ಲಿಂದ ಚಕ್ರಕ್ಕೆ ಹೋಗುವ ಶಾಫ್ಟಿನಲ್ಲಿ ಜಾಯಿಂಟುಗಳಿದ್ದು, ಅವು ಆ ಅಲುಗಾಟವನ್ನು ನುಂಗಿಕೊಳ್ಳುತ್ತವೆ. ನಿಮ್ಮ ಸೈಕಲ್ಲಿನಲ್ಲಿ ಅಂಥ ಜಾಯಿಂಟಿಲ್ಲ. ಎಂಜಿನ್ನಿನ ಹಲ್ಲುಚಕ್ರದಿಂದ (ಸ್ಪ್ರಾಕೆಟ್) ಹಿಂದಿನ ಚಕ್ರಕ್ಕೆ ನೇರ ಚೈನು. ಎಕ್ಸಲೇಟರ್ ತಿರುವಿದ ಕ್ಷಣವೇ ಆ ಚೈನು ಎಂಜಿನ್ನನ್ನು ಹಿಂದಕ್ಕೆ ಎಳೆಯುತ್ತದೆ. ಎಷ್ಟು ಎಳೆಯುತ್ತದೆ ಎಂದು ಲೆಕ್ಕ ಹಾಕೋಣ. ಈ ಕಿಟ್ಟಿನ ಎಂಜಿನ್ ಕೊಡುವ ತಿರುಚು ಬಲ ಸುಮಾರು 3 ನ್ಯೂಟನ್ ಮೀಟರ್. ಒಳಗಿನ ಗೇರು ಅದನ್ನು ನಾಲ್ಕು ಪಟ್ಟು ಮಾಡುತ್ತದೆ. ಹತ್ತು ಹಲ್ಲಿನ ಚಿಕ್ಕ ಸ್ಪ್ರಾಕೆಟಿನ ನಡುವಿನಿಂದ ಚೈನಿಗೆ ಇರುವ ದೂರ ಬರೀ 2 ಸೆಂಟಿಮೀಟರ್. ಭಾಗಿಸಿ ನೋಡಿದರೆ ಚೈನಿನ ಮೇಲೆ ಹತ್ತಿರ ಹತ್ತಿರ 60 ಕೆಜಿ ಎಳೆತ. ಒಂದು ಮೂಟೆಯ ಭಾರ! ಅದೂ ಎಂಜಿನ್ನಿನ ನಟ್ಟನಡುವೆ ಅಲ್ಲ, ಎಡಬದಿಗೆ ಬೀಳುತ್ತದೆ. ಹಾಗಾಗಿ ಎಂಜಿನ್ ಹಿಂದಕ್ಕೆ ಸರಿಯುವುದಷ್ಟೇ ಅಲ್ಲ, ಒಂದು ಮಗ್ಗುಲಿಗೆ ತಿರುಚಲೂ ನೋಡುತ್ತದೆ.

ಮೆತ್ತಗಿನ ಟ್ಯೂಬ್ ತುಂಡಿನ ಮೇಲೆ ಕೂತ ಎಂಜಿನ್ ಈ ಎಳೆತಕ್ಕೆ ಸರಿಯದೇ ಇರುತ್ತದೆಯೇ? ನಮ್ಮ ಕಡೆಯ ಅಕ್ಕಿ ಗಿರಣಿಗಳಲ್ಲಿ ಮೋಟಾರನ್ನು ಹೇಗೆ ಕೂಡಿಸುತ್ತಾರೆ ನೋಡಿ. ಕಾಂಕ್ರೀಟ್ ಕಟ್ಟೆ, ಅದರೊಳಗೆ ಹೂತ ಬೋಲ್ಟು, ಮೇಲೆ ಕಬ್ಬಿಣದ ಪಟ್ಟಿ. ಮೋಟಾರು ಒಂದು ಬೆರಳಗಲ ಜರುಗಿದರೂ ಬೆಲ್ಟು ಪುಲ್ಲಿ ಬಿಟ್ಟು ಹಾರುತ್ತದೆ. ಚೈನು ಬೆಲ್ಟಿನಷ್ಟೂ ಹೊಂದಿಕೊಳ್ಳುವುದಿಲ್ಲ. ಎಂಜಿನ್ ಹಿಂದೆ ಸರಿದಾಗ ಚೈನು ಸಡಿಲ, ಮುಂದೆ ಬಂದಾಗ ಬಿಗಿ. ಸಡಿಲಾದ ಚೈನು ಹಲ್ಲು ಬಿಟ್ಟು ಚಕ್ರದ ಕಡ್ಡಿಗಳ ನಡುವೆ ಹೊಕ್ಕರೆ ಹಿಂದಿನ ಚಕ್ರ ಇದ್ದಲ್ಲೇ ಕಚ್ಚಿಕೊಳ್ಳುತ್ತದೆ. 30 ಕಿ.ಮೀ. ವೇಗದಲ್ಲಿ ಹಾಗಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನಾನೂ ಮೊದಲ ಸಲ ಟ್ಯೂಬ್ ತುಂಡೇ ಇಟ್ಟಿದ್ದೆ. ಎರಡು ದಿನ ಮೆತ್ತಗೆ ಓಡಿತು, ಖುಷಿಯಾಯಿತು. ಮೂರನೆಯ ದಿನ ಮುಂದಿನ ಸ್ಟಡ್ (ಎಂಜಿನ್ನನ್ನು ಹಿಡಿದಿಡುವ, ತಲೆಯಿಲ್ಲದ ಬೋಲ್ಟು) ಒಂದು ಎಂಜಿನ್ನಿನ ಮೈಗೆ ಸಮನಾಗಿ ಮುರಿದು ಒಳಗೇ ಉಳಿಯಿತು. ಹೊರಗೆ ಹಿಡಿಯಲು ತುದಿಯೇ ಇಲ್ಲ. ಲೇತಿನವರು ನಡುವೆ ತೂತು ಕೊರೆದು ಅದನ್ನು ತೆಗೆಯುವಾಗ ಅಲ್ಯೂಮಿನಿಯಂ ಮೈಯ ಥ್ರೆಡ್ಡೂ ಹೋಯಿತು. ಸ್ಟಡ್ ಮುರಿದದ್ದು ಭಾರಕ್ಕಲ್ಲ, ಬಾಗಿ ಬಾಗಿ ದಣಿದದ್ದಕ್ಕೆ. ತಂತಿಯನ್ನು ಅತ್ತಿತ್ತ ಬಾಗಿಸಿ ಮುರಿಯುತ್ತೇವಲ್ಲ, ಅದೇ ಲೆಕ್ಕ. ಎಂಜಿನ್ ಕುಣಿಯಲು ಜಾಗ ಕೊಟ್ಟದ್ದು ಆ ರಬ್ಬರ್.

ಇನ್ನು ಅದುರಾಟದ ಮಾತು. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ನು ಮೇಲೆ ಕೆಳಗೆ ಓಡಾಡುವಾಗ ಅದರ ತೂಕವನ್ನು ಕ್ರ್ಯಾಂಕಿನ ಎದುರು ಭಾರ ಪೂರ್ತಿ ಸರಿದೂಗಿಸಲಾರದು. 44 ಹಲ್ಲಿನ ಹಿಂದಿನ ಸ್ಪ್ರಾಕೆಟ್ ಇದ್ದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ 18 ಸುತ್ತು ಹಾಕಿರುತ್ತದೆ. 28 ಇಂಚಿನ ಚಕ್ರದಲ್ಲಿ 30 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 4,000ಕ್ಕೂ ಮೇಲೆ, ಅಂದರೆ ಸೆಕೆಂಡಿಗೆ ಸುಮಾರು 67 ಸುತ್ತು. ಸುತ್ತು ಎರಡು ಪಟ್ಟಾದರೆ ಅದುರುವ ಬಲ ನಾಲ್ಕು ಪಟ್ಟಾಗುತ್ತದೆ. ಇದನ್ನು ಇಲ್ಲವಾಗಿಸಲು ಆಗದು. ಎಂಜಿನ್ ಮತ್ತು ಫ್ರೇಮು ಒಂದೇ ಮೈಯಾದರೆ ಮಾತ್ರ ಸೈಕಲ್ಲಿನ ತೂಕ, ನಿಮ್ಮ ತೂಕ ಎಲ್ಲ ಸೇರಿ ಅದನ್ನು ಅದುಮುತ್ತವೆ. ಸಡಿಲ ಎಂಜಿನ್ ಅದುರುವುದಷ್ಟೇ ಅಲ್ಲ, ಫ್ರೇಮನ್ನು ಬಡಿಯುತ್ತದೆ. ನಿಮ್ಮ ನಟ್ಟು ಬಿಚ್ಚಿಕೊಳ್ಳುವುದು ಆ ಬಡಿತಕ್ಕೆ.

ಹಾಗಾಗಿ ಕೆಲಸವಿರುವುದು ಫ್ರೇಮಿನ ಪೈಪು ಮತ್ತು ಮೌಂಟು (ಎಂಜಿನ್ನನ್ನು ಪೈಪಿಗೆ ಕೂಡಿಸುವ ಹಿಡಿಕೆ) ಕೂಡುವ ಜಾಗದಲ್ಲಿ. ಎಂಜಿನ್ ಇಳಿಸಿ, ಮೌಂಟಿನ ಗುಳಿಯನ್ನು ಪೈಪಿಗೆ ಒತ್ತಿ ಹಿಡಿದು ಬೆಳಕಿಗೆ ನೋಡಿ. ಕಿಟ್ಟಿನ ಗುಳಿ ಸುಮಾರು 28 ಮಿ.ಮೀ. ಪೈಪಿಗೆ ಮಾಡಿದ್ದು. ಸಂದಿನಲ್ಲಿ ಬೆಳಕು ಕಂಡರೆ ಅದು ಕೂತಿಲ್ಲ. ಫ್ರೇಮಿನ ಪೈಪು ಸಣ್ಣದಿದ್ದರೆ ಬೇರೊಂದು ಕಬ್ಬಿಣದ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ತಗಡಿನ ತೋಳಿನಂತೆ ಸುತ್ತಿ ಸಂದು ತುಂಬಿಸಿ. ದೊಡ್ಡದಿದ್ದರೆ ಗುಂಡು ಅರ ಹಿಡಿದು ಗುಳಿಯನ್ನು ಹಿಗ್ಗಿಸಿ, ಇಲ್ಲವೇ ಲೇತಿನಲ್ಲಿ ಬೇರೆ ಮೌಂಟು ಮಾಡಿಸಿ. ಆ ಜಾಗದ ದಪ್ಪ ಪೇಂಟನ್ನೂ ಉಜ್ಜಿ ತೆಗೆಯಿರಿ. ಪೇಂಟು ಪುಡಿಯಾಗಿ ಉದುರಿದಷ್ಟೂ ನಟ್ಟು ಸಡಿಲಾಗುತ್ತದೆ. ಪೈಪಿಗೆ ಅಡ್ಡ ತೂತು ಕೊರೆದು ಬೋಲ್ಟು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಸೈಕಲ್ ಪೈಪು ತೆಳು, ತೂತಿನ ಅಂಚಿನಿಂದಲೇ ಸೀಳು ಶುರುವಾಗುತ್ತದೆ. ಯು ಬೋಲ್ಟು ಮತ್ತು ದಪ್ಪ ಪಟ್ಟಿ ಇದ್ದರೆ ತೂತಿಲ್ಲದೆಯೇ ಹಿಡಿಯಬಹುದು.

ಸ್ಟಡ್ಡಿಗೆ ಥ್ರೆಡ್ ಲಾಕ್ ಅಂಟು, ಮೇಲೆ ನೈಲಾನ್ ಉಂಗುರದ ನಟ್ಟು. ಒಂದನ್ನೇ ಪೂರ್ತಿ ಬಿಗಿಯದೆ ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು ಎಂದು ಪಾನಾ ಆಡಿಸಿ. ಬಿಗಿಯುವ ಮೊದಲು ಗೌಂಡಿಗಳು ದಾರ ಹಿಡಿಯುವಂತೆ ಮುಂದಿನ ಹಲ್ಲುಚಕ್ರದಿಂದ ಹಿಂದಿನದಕ್ಕೆ ದಾರ ಎಳೆದು ಚೈನಿನ ಸಾಲು ನೋಡಿ.

ಇಲ್ಲಿ ನಿಮ್ಮಪ್ಪನ ಸೈಕಲ್ಲಿನದೇ ಒಂದು ತೊಡಕಿದೆ. ಕಿಟ್ಟಿನ ಹಿಂದಿನ ಸ್ಪ್ರಾಕೆಟಿಗೆ ಒಂಬತ್ತು ತೂತು, ಅದು 36 ಕಡ್ಡಿಯ ಚಕ್ರಕ್ಕೆ ಲೆಕ್ಕ ಹಾಕಿದ್ದು. ನಮ್ಮ ಹಳೆಯ ಡಬಲ್ ಬಾರ್ ಸೈಕಲ್ಲುಗಳಿಗೆ ಮುಂದೆ 32, ಹಿಂದೆ 40 ಕಡ್ಡಿ. 40ನ್ನು ಒಂಬತ್ತರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. ಬೋಲ್ಟುಗಳು ಕಡ್ಡಿಯ ಸಂದಿಗೆ ಸರಿಯಾಗಿ ಬೀಳದೆ ಕಡ್ಡಿಯನ್ನೇ ಒತ್ತುತ್ತವೆ, ಸ್ಪ್ರಾಕೆಟ್ ವಾರೆಯಾಗುತ್ತದೆ, ಪ್ರತಿ ಸುತ್ತಿಗೂ ಚೈನು ಎಂಜಿನ್ನನ್ನು ಜಗ್ಗುತ್ತದೆ. ನಿಮ್ಮ ನಟ್ಟಿನ ಕಾಯಿಲೆಯ ಅರ್ಧ ಬೇರು ಇಲ್ಲೇ ಇರಬಹುದು. 36 ಕಡ್ಡಿಯ ಚಕ್ರ ಹಾಕಿ, ಇಲ್ಲವೇ ಸ್ಪ್ರಾಕೆಟನ್ನು ಚಕ್ರದ ನಡುವಿನ ಹಬ್ಬಿಗೇ ಹಿಡಿಸುವ ಕ್ಲಾಂಪು ಮಾಡಿಸಿ.

ರಬ್ಬರಿಗೂ ಅದರದೇ ಜಾಗ ಇದೆ. ಹ್ಯಾಂಡಲ್ ಹಿಡಿಕೆಗೆ ದಪ್ಪ ಗ್ರಿಪ್ಪು, ಪೆಟ್ರೋಲ್ ಟ್ಯಾಂಕಿನ ಕೆಳಗೆ ಪಟ್ಟಿ. ಟ್ಯಾಂಕು ಅದುರಿ ಬಿರುಕು ಬಿಡುವುದನ್ನು ಅದು ತಪ್ಪಿಸುತ್ತದೆ. ಕೈ ಜುಮ್ಮೆನ್ನುವುದಕ್ಕೂ ಅಷ್ಟರ ಮಟ್ಟಿಗೆ ಮದ್ದು.

ರಸ್ತೆಯ ಮಾತೂ ಹೇಳಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ, ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು ಎಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ಭತ್ತಕ್ಕೆ ಔಷಧಿ ಹೊಡೆಯುವ 26 ಸಿಸಿ ಸ್ಪ್ರೇಯರ್ ಎಂಜಿನ್ನೂ ಆ ಗೆರೆ ದಾಟುತ್ತದೆ, ನಿಮ್ಮ 66ರ ಮಾತೇ ಬೇಡ. ನೋಂದಣಿ, ವಿಮೆ, ಲೈಸೆನ್ಸು ಇಲ್ಲದೆ ಅದನ್ನು ರಸ್ತೆಗೆ ತರುವಂತಿಲ್ಲ. ಭತ್ತದ ಲಾರಿಗಳು ಸಾಲುಗಟ್ಟಿ ಬರುವ ಸಿಂಧನೂರು ರಸ್ತೆಯಲ್ಲಿ ರಾಡ್ ಬ್ರೇಕನ್ನು ನಂಬಿ ಇಳಿಯುವುದಂತೂ ಬೇಡವೇ ಬೇಡ. ನಿಮ್ಮ ಹೊಲದ ದಾರಿಯಲ್ಲೇ ಓಡಿಸಿ.

ಈಗ ಎಂಜಿನ್ ಇಳಿಸಿದಾಗ ನಾಲ್ಕೂ ಸ್ಟಡ್ಡುಗಳನ್ನು ಗಾಜಿನ ಮೇಲೆ ಉರುಳಿಸಿ ನೋಡಿ. ಒಂದು ಕುಂಟಿದರೂ ಬಾಗಿದೆ ಎಂದರ್ಥ. ಸುತ್ತಿಗೆಯಿಂದ ನೆಟ್ಟಗೆ ಮಾಡಲು ಹೋಗಬೇಡಿ, ನಾಲ್ಕನ್ನೂ ಹೊಸದು ಹಾಕಿ. ಮೊದಲ 20 ಕಿ.ಮೀ. ಓಡಿಸಿ, ಎಂಜಿನ್ ತಣ್ಣಗಾದ ಮೇಲೆ ಇನ್ನೊಮ್ಮೆ ಪಾನಾ ಹಾಕಿ.