ಅವರಿಗೆ ಬೇರೆ ದಾರಿ ಇತ್ತಾ?

ಇತಿಹಾಸದ ಸಂಶೋಧನಾ ಪ್ರಬಂಧಗಳನ್ನು ತಿದ್ದುವಾಗ ಒಂದು ಧಾಟಿಯ ಮಾತು ಪದೇ ಪದೇ ಎದುರಾಗುತ್ತದೆ: ‘ಬಾಲ್ಯದ ಅವಮಾನವೇ ಅವನನ್ನು ಕ್ರೂರಿಯಾಗಿಸಿತು.’ ಇರಬಹುದು. ಆದರೆ ಅದೇ ಮನೆಯಲ್ಲಿ, ಅದೇ ಬೈಗುಳ ತಿಂದು ಬೆಳೆದ ತಮ್ಮ ಯಾಕೆ ಹಾಗಾಗಲಿಲ್ಲ? ಇದಕ್ಕೆ ಉತ್ತರ ಸಿಗುವುದಿಲ್ಲ. ಸತ್ತವರಿಗೆ ಕಾಯಿಲೆಯ ಹೆಸರು ಅಂಟಿಸುವುದು ಸುಲಭ. ಅವರೇನು ಎದ್ದು ಬಂದು ತಕರಾರು ತೆಗೆಯುವುದಿಲ್ಲವಲ್ಲ!

ಹಾಗಂತ ಇತಿಹಾಸಕ್ಕೆ ಮನೋವಿಜ್ಞಾನ ಬೇಡ ಅಂತಲ್ಲ. 1957ರಲ್ಲೇ ವಿಲಿಯಂ ಲ್ಯಾಂಗರ್, ಅಮೆರಿಕದ ಇತಿಹಾಸಕಾರರ ಸಂಘದ ಅಧ್ಯಕ್ಷರಾಗಿ, ನಾವು ಮುಂದೆ ಕೈಹಾಕಬೇಕಾದ ಕೆಲಸ ಇದೇ ಎಂದಿದ್ದರು. ಒಬ್ಬನ ಒಳಮನಸ್ಸನ್ನು ಊಹಿಸುವುದಕ್ಕಿಂತ, ಅವನ ಮುಂದೆ ಯಾವ ಆಯ್ಕೆ ಇತ್ತು, ಪಕ್ಕದವನು ಏನು ಮಾಡಿದ ಎಂದು ಹುಡುಕಲು ಮನೋವಿಜ್ಞಾನ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

1942ರ ಜುಲೈ 13. ಜರ್ಮನಿ ಆಕ್ರಮಿಸಿಕೊಂಡಿದ್ದ ಪೋಲೆಂಡಿನ ಯೂಜೆಫುಫ್. ಜರ್ಮನಿಯ ಮೀಸಲು ಪೊಲೀಸ್ ಪಡೆ 101ರ ಸುಮಾರು 500 ಮಂದಿ ಅಲ್ಲಿ ಸೇರಿದ್ದರು. ಯಹೂದಿ ಹೆಂಗಸರು, ಮಕ್ಕಳು, ಮುದುಕರನ್ನು ಗುಂಡಿಟ್ಟು ಕೊಲ್ಲಬೇಕು ಎಂಬುದು ಆದೇಶ. ಅದನ್ನು ತಿಳಿಸಿದ ಪಡೆಯ ಮುಖ್ಯಸ್ಥ ಮೇಜರ್ ಟ್ರಾಪ್, ಇದು ತಮ್ಮಿಂದಾಗದು ಅನ್ನುವ ಹಿರಿಯ ವಯಸ್ಸಿನವರು ಮುಂದೆ ಬರಬಹುದು ಎಂದ. ಒಬ್ಬ ಬಂದ. ಅವನ ಕ್ಯಾಪ್ಟನ್ ರೇಗಿಬಿದ್ದ. ಟ್ರಾಪ್ ಕ್ಯಾಪ್ಟನ್‌ನನ್ನು ತಡೆದ. ಆಮೇಲೆ ಇನ್ನೂ ಹತ್ತು ಹನ್ನೆರಡು ಮಂದಿ ಬಂದರು. ಉಳಿದವರು ಕದಲಲಿಲ್ಲ. ಕೊಲೆ ಶುರುವಾದ ಮೇಲೆ ಕೆಲವರು ನೆಪ ಹೇಳಿ ನುಣುಚಿಕೊಂಡರು.

ಇಲ್ಲಿ ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1960ರ ದಶಕದ ಆರಂಭದಲ್ಲಿ ನಡೆಸಿದ ಪ್ರಯೋಗ ನೆನಪಾಗುತ್ತದೆ. ಪ್ರಯೋಗ ನಡೆಸುವವನು ‘ಮುಂದುವರಿಸಿ’ ಎಂದಿದ್ದಕ್ಕೇ 40 ಜನರಲ್ಲಿ 26 ಮಂದಿ ಇನ್ನೊಬ್ಬ ವ್ಯಕ್ತಿಗೆ ಕೊನೆಯ ಮಟ್ಟದವರೆಗೂ ವಿದ್ಯುತ್ ಶಾಕ್ ಕೊಟ್ಟರು (ಶಾಕ್ ನಿಜದ್ದಲ್ಲ, ಅದು ಅವರಿಗೆ ಗೊತ್ತಿರಲಿಲ್ಲ). ಎಲ್ಲರೂ ಈ ಅಂಕಿಯನ್ನೇ ಹೇಳುತ್ತಾರೆ. ಇನ್ನೊಂದು ಸುತ್ತಿನಲ್ಲಿ ಜೊತೆಗಿದ್ದ ಇಬ್ಬರು ಒಲ್ಲೆವೆಂದು ಎದ್ದರು. ಆಗ ಕೊನೆ ಮುಟ್ಟಿದವರು 40ರಲ್ಲಿ ಕೇವಲ 4 ಮಂದಿ. ನನಗೆ ಮುಖ್ಯ ಅನ್ನಿಸುವುದು ಇದೇ. ಮೊದಲು ಬಂದವನಿಗೆ ಟ್ರಾಪ್ ರಕ್ಷಣೆ ಕೊಡದಿದ್ದರೆ ಆ ಹತ್ತು ಹನ್ನೆರಡು ಮಂದಿ ಬರುತ್ತಿದ್ದರಾ? ಪ್ರಯೋಗ ಇದನ್ನು ಸಾಬೀತು ಮಾಡುವುದಿಲ್ಲ. ಲ್ಯಾಬಿನಲ್ಲಿ ಯುದ್ಧವೂ ಇರಲಿಲ್ಲ, ವರ್ಷಗಟ್ಟಲೆಯ ದ್ವೇಷದ ಪ್ರಚಾರವೂ ಇರಲಿಲ್ಲ. ಕಡತದಲ್ಲಿ ಏನು ಹುಡುಕಬೇಕು ಅಂತ ಮಾತ್ರ ಅದು ಹೇಳಿಕೊಡುತ್ತದೆ.

ಈ ಪಡೆಯ ಬಗ್ಗೆ ಕ್ರಿಸ್ಟೋಫರ್ ಬ್ರೌನಿಂಗ್ 1992ರಲ್ಲಿ ಬರೆದರು, ಡೇನಿಯಲ್ ಗೋಲ್ಡ್‌ಹ್ಯಾಗನ್ 1996ರಲ್ಲಿ. ಇಬ್ಬರೂ ಓದಿದ್ದು ಆ ಪೊಲೀಸರ ಹೆಚ್ಚುಕಡಿಮೆ ಅವೇ ಹೇಳಿಕೆಗಳನ್ನು. ಮೊದಲನೆಯವರಿಗೆ ಕಂಡದ್ದು ಮುಖ್ಯವಾಗಿ ಗುಂಪಿನ ಒತ್ತಡ, ಎರಡನೆಯವರಿಗೆ ಯಹೂದಿ ದ್ವೇಷ. ದ್ವೇಷವೊಂದೇ ಸಾಕಾಗಿದ್ದರೆ ಹಿಂದೆ ಸರಿದವರ ಲೆಕ್ಕ ಏನು? ಬರೀ ಗುಂಪಿನ ಒತ್ತಡವಾದರೆ, ಬಲಿಯಾದವರು ಯಾರೆಂಬುದು ಮುಖ್ಯವೇ ಆಗಲಿಲ್ಲವಲ್ಲ? ನಾನು ಬ್ರೌನಿಂಗ್ ಕಡೆಗೆ ವಾಲುತ್ತೇನೆ, ಪೂರ್ತಿಯಾಗಿ ಅಲ್ಲ.

ಇನ್ನೊಂದು ತೊಡಕಿದೆ. ಈ ಹೇಳಿಕೆಗಳನ್ನು ದಾಖಲಿಸಿದ್ದು 1960ರ ದಶಕದಲ್ಲಿ, ಸರ್ಕಾರಿ ವಕೀಲರ ವಿಚಾರಣೆಯಲ್ಲಿ. ಟ್ರಾಪ್ ಹಾಗಂದದ್ದು ಕೇಳಿಸಲೇ ಇಲ್ಲ ಎಂದವರೂ ಇದ್ದಾರೆ. ಅದು ಸುಳ್ಳಾ, ಇಪ್ಪತ್ತು ವರ್ಷಗಳಲ್ಲಿ ನೆನಪೇ ತನ್ನನ್ನು ತಿದ್ದಿಕೊಂಡಿತಾ? ಎರಡೂ ಸಾಧ್ಯ. ಅದಕ್ಕೇ ಅಂಥ ಹೇಳಿಕೆ ಸಿಕ್ಕಾಗ ‘ನಿರಾಕರಣೆ’ (ಕಹಿ ಸತ್ಯವನ್ನು ಮನಸ್ಸು ಒಪ್ಪದಿರುವುದು) ಅಂತ ಷರಾ ಬರೆದು ಮುಗಿಸಬೇಡಿ. ಪಡೆಯ ಅದೇ ತುಕಡಿಯ ಬೇರೆಯವರ ಹೇಳಿಕೆಗಳನ್ನೂ ತೆಗೆದು ಪಕ್ಕದಲ್ಲಿಟ್ಟು ಓದಿ.