ಒಂದೇ ಮಾರ್ಚ್‌ನಲ್ಲಿ ಎರಡು ಉಪವಾಸ

2025ರ ಮಾರ್ಚ್ 2ರಂದು ನಮ್ಮಲ್ಲಿ ರಂಜಾನ್‌ನ ಮೊದಲ ರೋಜಾ. ಮೂರು ದಿನ ಕಳೆದು, 5ರಂದು, ಕ್ರೈಸ್ತರ ವಿಭೂತಿ ಬುಧವಾರ; ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಶುರುವಾಗುವುದು ಅಂದೇ. ರಾಯಚೂರು ಸೀಮೆಯಲ್ಲಿ ಬಿಸಿಲು ಬಲಿಯುವ ಹೊತ್ತಿಗೇ ಎರಡೂ ಸಮುದಾಯಗಳು ಉಪವಾಸಕ್ಕೆ ಕುಳಿತವು. ಚಾಂದ್ರಮಾನದ ಇಸ್ಲಾಮೀ ವರ್ಷ ಸುಮಾರು 354 ದಿನಗಳದ್ದಾದ್ದರಿಂದ ರಂಜಾನ್ ವರ್ಷ ವರ್ಷವೂ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. ಈಸ್ಟರ್ ಕೂಡ ಹುಣ್ಣಿಮೆಯ ಲೆಕ್ಕದ ಮೇಲೆಯೇ ನಿಗದಿಯಾದರೂ ಮಾರ್ಚ್, ಏಪ್ರಿಲ್‌ಗಳನ್ನು ಬಿಟ್ಟು ಕದಲುವುದಿಲ್ಲ. ಹೀಗಾಗಿ ರಂಜಾನ್ ಮತ್ತು ತಪಸ್ಸುಕಾಲ ಕೂಡಿ ಬರುವುದು ಮೂರು ದಶಕಗಳಿಗೊಮ್ಮೆ, ಅದೂ ಕೆಲವೇ ವರ್ಷಗಳ ಮಟ್ಟಿಗೆ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಂಥ ಊರಿಗೆ ಈ ನೆರೆಹೊರೆ ಹೊಸದಲ್ಲ. ಆದಿಲ್‌ಶಾಹಿಗಳ ಆಳ್ವಿಕೆಯಲ್ಲೇ ಬೇರೂರಿದ ಕಥೋಲಿಕ ನೆಲೆ ಅಲ್ಲಿದೆ; ಎಲ್ಲ ಜಾತಿಯವರೂ ಸೇರುವ ಮೊಹರಂ ಕೂಡ ಅಲ್ಲಿಯದೇ. ಆದರೆ ಜಾತ್ರೆಯ ಸಂತಸವನ್ನು ಹಂಚಿಕೊಳ್ಳುವುದು ಸುಲಭ, ಹಸಿವನ್ನು ಅರಿಯುವುದು ಬೇರೆಯೇ ಮಾತು.

ಉಪವಾಸದ ನಂಟನ್ನು ಕುರ್‌ಆನ್ ತಾನೇ ಹೇಳುತ್ತದೆ: ನಿಮಗಿಂತ ಹಿಂದಿನವರಿಗೆ ವಿಧಿಸಿದ್ದಂತೆಯೇ ನಿಮಗೂ ಉಪವಾಸ ವಿಧಿಸಲಾಗಿದೆ ಎಂಬುದು ಅದರ ಎರಡನೆಯ ಅಧ್ಯಾಯದ 183ನೆಯ ವಚನದ ತಾತ್ಪರ್ಯ. ಹಾಗೆಂದು ಎರಡೂ ಒಂದೇ ಎನ್ನಲಾಗದು. ಬೆಳಗಿನ ಜಾವದ ಊಟವಾದ ಸೆಹರಿ ಮುಗಿದ ಮೇಲೆ ಸೂರ್ಯ ಮುಳುಗುವವರೆಗೆ, ಮಾರ್ಚ್‌ನಲ್ಲಾದರೆ ಹೆಚ್ಚುಕಡಿಮೆ ಹದಿಮೂರು ತಾಸು, ರೋಜಾ ಹಿಡಿದವರು ಗುಟುಕು ನೀರನ್ನೂ ಮುಟ್ಟುವುದಿಲ್ಲ. ಕಥೋಲಿಕರ ನಿಯಮ ಇಷ್ಟು ಬಿಗಿಯಲ್ಲ: ಕಡ್ಡಾಯ ಉಪವಾಸ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಮಾತ್ರ, ಅಂದೂ ಒಂದು ಪೂರ್ಣ ಊಟಕ್ಕೆ ಅಡ್ಡಿಯಿಲ್ಲ, ತಪಸ್ಸುಕಾಲದ ಉಳಿದ ಶುಕ್ರವಾರಗಳಂದು ಮಾಂಸವಿಲ್ಲ. ಕಳೆದ ವರ್ಷ ಈಸ್ಟರ್‌ಗೆ ಮುಂಚಿನ ಭಾನುವಾರದ ಗರಿ ಹಬ್ಬದಲ್ಲಿ ಮನೆಗೊಯ್ದ ಗರಿಗಳನ್ನೇ ಸುಟ್ಟು, ಆ ಬೂದಿಯಿಂದ ವಿಭೂತಿ ಬುಧವಾರದಂದು ಹಣೆಗೆ ಶಿಲುಬೆ ಬರೆಯುತ್ತಾರೆ. ಪ್ರಾರ್ಥನೆ ಮತ್ತು ದಾನ ಉಪವಾಸದೊಡನೆ ಎರಡೂ ಕಡೆ ಜೊತೆಯಾಗಿಯೇ ಸಾಗುತ್ತವೆ. ನನ್ನ ಮಟ್ಟಿಗೆ, ನಂಬಿಕೆಯ ವಾದದಲ್ಲಿ ಯೇಸು ಯಾರು, ದೇವಪುತ್ರನೋ ಪ್ರವಾದಿಯೋ ಎಂಬ ಪ್ರಶ್ನೆಗೆ ಬಂದು ನಿಲ್ಲುವ ಮಾತು ಇಲ್ಲಿ ಮಾತ್ರ ಮುಂದುವರಿಯುವುದು ಆ ಕಾರಣದಿಂದಲೇ.

ಕಥೋಲಿಕರ ಕೇಂದ್ರವಾದ ರೋಮ್ ಈ ನಂಟನ್ನು ಬರಹದಲ್ಲಿ ಒಪ್ಪಿದ್ದು ತಡವಾಗಿ. 1965ರ ಅಕ್ಟೋಬರ್ 28ರಂದು ಕಥೋಲಿಕ ಬಿಷಪರ ಮಹಾಸಭೆಯಾದ ಎರಡನೆಯ ವ್ಯಾಟಿಕನ್ ಪರಿಷತ್ತು ಹೊರಡಿಸಿದ ಘೋಷಣೆ ಮುಸ್ಲಿಮರ ಪ್ರಾರ್ಥನೆ, ದಾನ, ಉಪವಾಸಗಳನ್ನು ಹೆಸರಿಸಿ ಗೌರವಿಸಿತು; 1967ರಿಂದ ವ್ಯಾಟಿಕನ್‌ನ ರಂಜಾನ್ ಶುಭಾಶಯ ಪತ್ರಗಳು ಆರಂಭವಾದವು. ಮುಂದೆ 2001ರಲ್ಲಿ, ಸೆಪ್ಟೆಂಬರ್ 11ರ ದಾಳಿಯ ಬಿಸಿ ಆರುವ ಮುನ್ನ, ಪೋಪ್ ಎರಡನೆಯ ಜಾನ್ ಪಾಲ್ ಡಿಸೆಂಬರ್ 14ರಂದು ಉಪವಾಸವಿರುವಂತೆ ಕಥೋಲಿಕರನ್ನು ಕೋರಿದರು. ಅದು ಆ ವರ್ಷದ ರಂಜಾನ್‌ನ ಕೊನೆಯ ಶುಕ್ರವಾರ. ಸಂವಾದಕ್ಕಿಂತ ಹೆಚ್ಚಾಗಿ ಹೊಟ್ಟೆಯ ಮೂಲಕ ಆಡಿದ ಮಾತು. 2007ರಲ್ಲಿ 138 ಮುಸ್ಲಿಂ ವಿದ್ವಾಂಸರು ಕ್ರೈಸ್ತ ಧರ್ಮಗುರುಗಳಿಗೆ ಬರೆದ ಬಹಿರಂಗ ಪತ್ರ ದೇವಪ್ರೀತಿ, ನೆರೆಪ್ರೀತಿಗಳನ್ನು ಆಧಾರವಾಗಿಟ್ಟುಕೊಂಡು ಇನ್ನೊಂದು ದಾರಿ ಹಿಡಿಯಿತು.

2025ರಲ್ಲಿ ಮಾರ್ಚ್ 31ಕ್ಕೆ ಈದ್ ಬಂದಾಗ ತಪಸ್ಸುಕಾಲ ಇನ್ನೂ ಮೂರು ವಾರದಷ್ಟು ಬಾಕಿ ಉಳಿದಿತ್ತು. ಈದ್ ಬಿದ್ದದ್ದು ಸೋಮವಾರ. ಶುಕ್ರವಾರವಾಗಿದ್ದರೆ ಪಕ್ಕದ ಕ್ರೈಸ್ತರ ಮನೆಗೆ ಶಾವಿಗೆ, ಹಾಲಿನ ಸಿಹಿಯಾದ ಸುರಕುಂಬಾದ ಬಟ್ಟಲು ಹೋಗಬಹುದಿತ್ತೇ ಹೊರತು ಬಿರಿಯಾನಿಯ ಡಬ್ಬಿಯಲ್ಲ.