ಗೋಡೆಗೆ ದರ್ಜೆಯುಂಟು, ಭಟ್ಟಿಗಿಲ್ಲ

ಮುಂಬೈಯ ಬಾಂದ್ರಾ ಪಶ್ಚಿಮದಲ್ಲಿ, ರಣವಾರ್ ಎಂಬ ಹಳೆಯ ಗಾವಠಾಣದ (ನಗರದೊಳಗೆ ಉಳಿದ ಹಳ್ಳಿಯ ವಸತಿ) ವರೋಡಾ ರಸ್ತೆಯಲ್ಲಿ ಸೇಂಟ್ ಜೂಡ್ ಬೇಕರಿ ಎಂದೇ ಎಲ್ಲರೂ ಗುರುತಿಸುವ ಕಟ್ಟಡವೊಂದಿದೆ. ಬೇಕರಿ ಮುಚ್ಚಿದ ಮೇಲೆ ಕೆಲವು ಕಾಲ ಕಲಾಪ್ರದರ್ಶನಗಳಿಗೂ ತಾತ್ಕಾಲಿಕ ಮಳಿಗೆಗಳಿಗೂ ಜಾಗ ಕೊಟ್ಟ ಆ ಕಟ್ಟಡದಲ್ಲಿ 2023ರಲ್ಲಿ ವೆರೋನಿಕಾಸ್ ಎಂಬ ಸ್ಯಾಂಡ್‌ವಿಚ್ ಅಂಗಡಿ ಆರಂಭವಾಯಿತು. ಬೇಕರಿ ಹೋಗಿ ಕಟ್ಟಡ ಉಳಿದರೆ ಪರಂಪರೆ ಉಳಿದಂತೆಯೇ ಎಂಬ ಪ್ರಶ್ನೆಗೆ ಮುಂಬೈಯ ಉಪನಗರಗಳಲ್ಲಿ ಇಂದಿಗೂ ನೇರವಾದ ಉತ್ತರ ಸಿಕ್ಕಿಲ್ಲ.

ಬಾಂದ್ರಾ ಇರುವ ಸಾಷ್ಟಿ ದ್ವೀಪ 1730ರ ದಶಕದ ಕೊನೆಗಾಲದವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ‘ಪಾವ್’ ಎಂಬ ಹೆಸರೂ ಅವರ ಭಾಷೆಯದೇ. 1845ರಲ್ಲಿ ಮಾಹಿಮ್ ಸೇತುರಸ್ತೆ ಬಂತು, ಬಳಿಕ ರೈಲು ಬಂತು, 1896ರ ಪ್ಲೇಗಿನ ನೆನಪಾಗಿ ಓಣಿಗಳಲ್ಲಿ ಶಿಲುಬೆಗಳು ನಿಂತವು, 1950ರಲ್ಲಿ ಬಾಂದ್ರಾ ಮುಂಬೈ ಪಾಲಿಕೆಗೆ ಸೇರಿತು. ಗೋವಾದಿಂದ ಬಂದವರು ಮತ್ತು ಇರಾನಿಗಳು ನಡೆಸಿದ ಬೇಕರಿಗಳು ಊರಿನೊಡನೆ ಬೆಳೆದವು. ಉಡುಪಿ ಹೋಟೆಲುಗಳ ಪಾವ್ ಭಾಜಿಯ ತಟ್ಟೆಗೂ ಪಾವ್ ಬಂದದ್ದು ಇಂಥ ಬೇಕರಿಗಳಿಂದಲೇ.

ಹಳೆಯ ಬೇಕರಿಯ ಕಟ್ಟಡವನ್ನು ಮುಂಭಾಗದಿಂದ ನೋಡಿದರೆ ಅರ್ಥವಾಗುವುದು ಕಡಿಮೆ. ಅದರ ಗರ್ಭಗುಡಿ ಹಿಂದುಗಡೆಯ ಭಟ್ಟಿ. ಇಟ್ಟಿಗೆಯ ತಗ್ಗು ಕಮಾನಿನೊಳಗೆ ಸೌದೆ ಉರಿಸಿ, ಕೆಂಡ ಸರಿಸಿ, ಒದ್ದೆ ಗೋಣಿಯಿಂದ ಭಟ್ಟಿಯ ನೆಲ ಒರೆಸಿ, ಉದ್ದ ಹಿಡಿಯ ಮರದ ಹಲಗೆಯಲ್ಲಿ ಪಾವ್‌ಗಳನ್ನು ಒಳಕ್ಕೆ ಸರಿಸುತ್ತಾರೆ. ದಪ್ಪ ಗೋಡೆಗಳು ಕುಡಿದ ಬಿಸಿ ನಿಧಾನವಾಗಿ ಇಳಿಯುವುದರಿಂದ ಮೊದಲ ಕಾವಿಗೆ ಪಾವ್, ಅನಂತರ ಬಿಸ್ಕತ್ತು, ಕೊನೆಯ ಕಾವಿನಲ್ಲಿ ಟೋಸ್ಟ್ ಎಂಬ ಕ್ರಮ ಉಂಟಾಯಿತು. ಎತ್ತರದ ಮಾಡು, ಹೊಗೆಗೂಡು, ಹಿಟ್ಟು ನಾದುವ ಕೋಣೆ, ರಾತ್ರಿಪಾಳಿಯವರು ಮೈಚಾಚುವ ಅಟ್ಟ ಎಲ್ಲವೂ ಈ ಕಾವಿನ ಲೆಕ್ಕಕ್ಕೆ ಹೊಂದಿಕೊಂಡವು. ಭಟ್ಟಿಯನ್ನು ತೆಗೆದರೆ ಉಳಿದ ಕೋಣೆಗಳು ಏಕೆ ಹಾಗಿವೆ ಎಂಬುದಕ್ಕೆ ಕಾರಣವೇ ಉಳಿಯುವುದಿಲ್ಲ.

ಕಾನೂನು ಈ ಕಡೆ ಹೆಚ್ಚು ನೋಡಲಿಲ್ಲ. 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು ಕಟ್ಟಿಹಾಕಿ ಹಿಡುವಳಿದಾರರಿಗೆ ನೆಲೆ ಕೊಟ್ಟಿತಾದರೂ, ದುರಸ್ತಿಗೆ ಹಣ ಹಾಕುವ ಹುಮ್ಮಸ್ಸು ಮಾಲೀಕರಲ್ಲಿ ಉಳಿಯಲಿಲ್ಲ. 1991ರ ಅಭಿವೃದ್ಧಿ ನಿಯಮಗಳು ನಿರ್ಮಾಣ ಹಕ್ಕನ್ನು, ಅಂದರೆ ಇಷ್ಟು ಕಟ್ಟಬಹುದೆಂಬ ಅನುಮತಿಯನ್ನು, ಒಂದು ನಿವೇಶನದಿಂದ ಇನ್ನೊಂದಕ್ಕೆ ವರ್ಗಾಯಿಸಲು ದಾರಿ ಮಾಡಿದವು. ನಗರದ ದಕ್ಷಿಣದಲ್ಲಿ ಹುಟ್ಟಿದ ಹಕ್ಕು ಉತ್ತರದ ಉಪನಗರಗಳಲ್ಲಿ ಮಹಡಿಗಳಾಗಿ ಏಳತೊಡಗಿತು. ಬಾಂದ್ರಾದ ಬಂಗಲೆಗಳು ಒಂದೊಂದಾಗಿ ಮರೆಯಾದದ್ದರ ಹಿಂದೆ ಈ ಲೆಕ್ಕಾಚಾರಕ್ಕೆ ಸಣ್ಣ ಪಾಲೇನೂ ಇರಲಿಲ್ಲ.

1995ರಲ್ಲಿ ಜಾರಿಗೆ ಬಂದ ಪರಂಪರೆ ನಿಯಮಗಳು ದೇಶಕ್ಕೇ ಮಾದರಿಯೆನಿಸಿದವು. ಕಟ್ಟಡಗಳನ್ನು ಒಂದು, ಎರಡು-ಎ, ಎರಡು-ಬಿ, ಮೂರು ಎಂದು ವಿಂಗಡಿಸಿದ ಆ ಪಟ್ಟಿಯ ದೊಡ್ಡ ಪಾಲು ದಕ್ಷಿಣ ಮುಂಬೈಯದೇ ಆಗಿತ್ತು. ಬೇಕರಿಯಂಥ ಕಟ್ಟಡ ಹೆಚ್ಚೆಂದರೆ ಓಣಿಯ ಚಹರೆಗೆ ಬೆಲೆ ಕೊಡುವ ಮೂರನೆಯ ದರ್ಜೆಗೆ ಸಲ್ಲಬಹುದು. ಅಲ್ಲಿ ಒಳಾಂಗಣವನ್ನು ಬದಲಿಸಲು ಸಾಕಷ್ಟು ಅವಕಾಶವಿದೆ. ಹೊರಗೋಡೆಗೆ ಕಾವಲು, ಭಟ್ಟಿಗೆ ವಿದಾಯ ಎಂಬ ಏರ್ಪಾಡು ಇದು ಎಂದರೆ ಬಿರುಸಾಯಿತೇನೋ, ಆದರೆ ಫಲ ಅದೇ. 2012ರಲ್ಲಿ ಪಟ್ಟಿಯನ್ನು ಹಿಗ್ಗಿಸುವ ಪ್ರಸ್ತಾಪ ಬಂದಾಗ, ಶಿವಾಜಿ ಪಾರ್ಕ್ ಸುತ್ತಲಿನವರೂ ಸೇರಿ ಅನೇಕರು ತಮ್ಮ ಮನೆಗಳ ಮರುನಿರ್ಮಾಣ ಸಿಕ್ಕಿಬೀಳುತ್ತದೆಂದು ಎದ್ದುನಿಂತರು. ಸೋರುವ ಮಾಡಿನ ಕೆಳಗೆ ಇರುವವರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ.

ಇಷ್ಟರಲ್ಲಿ ಹೊಗೆಯ ಪ್ರಶ್ನೆ ಬಂತು. ವಾಯುಮಾಲಿನ್ಯದ ಬಗ್ಗೆ 2023ರಲ್ಲಿ ತಾನೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಸೌದೆ ಮತ್ತು ಇದ್ದಿಲು ಬಳಸುವ ಬೇಕರಿಗಳು ಆರು ತಿಂಗಳೊಳಗೆ ಅನಿಲ ಅಥವಾ ಇತರ ಹಸಿರು ಇಂಧನಕ್ಕೆ ಬದಲಾಗಬೇಕೆಂದು 2025ರ ಜನವರಿ 9ರಂದು ಆದೇಶಿಸಿತು. ಬೇಕರಿಗಳು ಉರಿಸುವ ಗುಜರಿ ಮರದಲ್ಲಿ ಕೆಡವಿದ ಹಳೆಯ ಕಟ್ಟಡಗಳ ಬಾಗಿಲು, ತೊಲೆಗಳೂ ಇರುತ್ತವೆ. ಬಣ್ಣ, ಮೆರುಗೆಣ್ಣೆ ಹತ್ತಿದ ಆ ಮರದ ಹೊಗೆ ನೆರೆಹೊರೆಯವರ ಶ್ವಾಸಕ್ಕೆ ಒಳ್ಳೆಯದಲ್ಲ ಎಂಬುದರಲ್ಲಿ ವಾದವಿಲ್ಲ. ಒಂದು ಹಳೆಯ ಮನೆ ಉರಿದು ಇನ್ನೊಂದು ಹಳೆಯ ಕಟ್ಟಡದ ಕಸುಬನ್ನು ಕಾಯುತ್ತಿತ್ತು ಎಂಬ ವಿಚಿತ್ರವೂ ಅದರಲ್ಲೇ ಇದೆ.

ಹಳೆಯ ಕಮಾನನ್ನು ಉಳಿಸಿಕೊಂಡೇ ಅನಿಲದ ಬರ್ನರ್ ಕೂಡಿಸುವುದು ಒಂದು ದಾರಿ; ಅದನ್ನು ಕೆಡವಿ ಉಕ್ಕಿನ ಒಲೆ ತರುವುದು ಇನ್ನೊಂದು. ಮೊದಲನೆಯದಕ್ಕೆ ನುರಿತ ಕೈ ಬೇಕು, ಎರಡನೆಯದಕ್ಕೆ ದುಡ್ಡಿದ್ದರೆ ಸಾಕು, ಜಾಗವೂ ಉಳಿಯುತ್ತದೆ. ಕಮಾನಿಗೆ ಪರಂಪರೆಯ ನಿಯಮಗಳಲ್ಲಿ ಬೆಲೆಯಿದ್ದಿದ್ದರೆ ಮೊದಲ ದಾರಿಗೆ ನೆರವು ಕೇಳಲು ಆಧಾರವಾದರೂ ಇರುತ್ತಿತ್ತು. ಹೊಸ ಪರವಾನಗಿ ಹಸಿರು ಇಂಧನಕ್ಕೆ ಮಾತ್ರ ಎಂದೂ ಅದೇ ಆದೇಶ ಹೇಳಿರುವುದರಿಂದ, ಬಾಗಿಲು ಮುಚ್ಚಿದ ಬೇಕರಿಯೊಂದನ್ನು ನಾಳೆ ಯಾರಾದರೂ ತೆರೆಯ ಹೊರಟರೆ, ಗೋಡೆ ಇದ್ದಂತೆಯೇ ಇದ್ದರೂ ಅಲ್ಲಿ ಸೌದೆಗೆ ಮತ್ತೆ ಬೆಂಕಿ ಹಚ್ಚುವಂತಿಲ್ಲ.